ಮೂತಿ ಕದಲಿಸದ ಪಿಸ್ತೂಲು

25 ಮೀಟರ್ ಪಿಸ್ತೂಲ್ ಸ್ಪರ್ಧೆಯ ನಿಧಾನದ ಸುತ್ತಿನಲ್ಲಿ ಗುರಿಹಾಳೆಯ ನಟ್ಟನಡುವಿನ ಹತ್ತು ಅಂಕದ ವೃತ್ತದ ಅಡ್ಡಳತೆ 50 ಮಿಲಿಮೀಟರ್. ಶೂಟರ್ ಒಂದೇ ಕೈ ನೀಡಿ ಅದರೊಳಗೆ ಗುಂಡು ಕೂರಿಸಬೇಕು. ಮಣಿಕಟ್ಟಿಗೆ ಪಟ್ಟಿ ಕಟ್ಟುವಂತಿಲ್ಲ, ಇನ್ನೊಂದು ಕೈಯ ಆಸರೆ ಕೂಡದು. ಕೈಯಲ್ಲಿರುವುದು ಒಂದು ಕಿಲೋ ಆಸುಪಾಸಿನ ಯಂತ್ರ. ಎದೆ ಬಡಿದುಕೊಳ್ಳುತ್ತದೆ, ಉಸಿರು ಏರಿಳಿಯುತ್ತದೆ, ತೋಳು ಸಣ್ಣಗೆ ತೂಗುತ್ತದೆ. ಇಷ್ಟೆಲ್ಲ ಅಲುಗಾಟದ ನಡುವೆಯೂ ಒಳ್ಳೆಯ ಶೂಟರ್ ಗುಂಡಿನ ಮೇಲೆ ಗುಂಡು ಹತ್ತರೊಳಗೇ ಇಡುತ್ತಾರೆ. ಅದರ ಹಿಂದೆ ಶೂಟರ್ ಪಟ್ಟ ಶ್ರಮವಿದೆ. ಪಿಸ್ತೂಲು ಮಾಡಿದವರು ಪಟ್ಟ ಶ್ರಮವೂ ಇದೆ. ಈ ಬರಹ ಆ ಎರಡನೆಯ ಶ್ರಮದ ಬಗ್ಗೆ.

ನಮ್ಮ ಮಾವಳ್ಳಿ, ವಿಶ್ವೇಶ್ವರಪುರ, ಬಸವನಗುಡಿ ಕಡೆಯ ಮನೆಗಳಿಂದಲೂ ಮಕ್ಕಳು ಶೂಟಿಂಗ್ ರೇಂಜಿಗೆ ಹೋಗುತ್ತಿದ್ದಾರೆ. ವರ್ಷ ಕಳೆಯುವಷ್ಟರಲ್ಲಿ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಸ್ವಂತ ಪಿಸ್ತೂಲು ಬೇಕು, ಕೈಯಲ್ಲಿರುವ ಹಣ ಮಿತವಾದದ್ದು, ಯಾವುದನ್ನು ಕೊಳ್ಳುವುದು? ಅಂಗಡಿಯವರು ಬ್ರ್ಯಾಂಡಿನ ಹೆಸರು ಹೇಳುತ್ತಾರೆ, ಗೆಳೆಯರು ತಮ್ಮಲ್ಲಿರುವುದನ್ನೇ ಹೊಗಳುತ್ತಾರೆ. ನಾನು ಒಂದೇ ಅಳತೆಗೋಲು ಕೊಡುತ್ತೇನೆ. ಟ್ರಿಗರ್ ಬಿಡುಗಡೆಯಾಗುವ ಗಳಿಗೆಯಲ್ಲಿ ಮೂತಿಯನ್ನು ಕದಲಿಸದ ಪಿಸ್ತೂಲೇ ಒಳ್ಳೆಯ ಪಿಸ್ತೂಲು. ನಳಿಕೆ, ಹಿಡಿ, ತೂಕ, ಗುರಿ ನೋಡುವ ಸೈಟ್ ಎಲ್ಲವನ್ನೂ ಈ ಒಂದು ಮಾತಿಗೆ ಹಚ್ಚಿ ನೋಡಿದರೆ ಯಾವುದಕ್ಕೆ ಹಣ ಸುರಿಯಬೇಕು, ಯಾವುದನ್ನು ಬಿಡಬಹುದು ಎಂಬುದು ತಾನಾಗಿ ತಿಳಿಯುತ್ತದೆ.

ಈ ವಿದ್ಯೆಯಲ್ಲಿ ಬೆಂಗಳೂರಿಗೆ ಒಳ್ಳೆಯ ಹೆಸರಿದೆ. ಇಲ್ಲಿನ ಪ್ರಕಾಶ್ ನಂಜಪ್ಪ 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್ಪಿನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. 2016ರ ಬಾಕು ವಿಶ್ವಕಪ್ಪಿನಲ್ಲಿ 50 ಮೀಟರ್ ಪಿಸ್ತೂಲಿನ ಚಿನ್ನವೂ ಅವರದಾಯಿತು. ಅದೇ ಬಾಕುವಿನಲ್ಲಿ 2023ರಲ್ಲಿ ಬೆಂಗಳೂರಿನ ದಿವ್ಯಾ ಟಿ.ಎಸ್. ಅವರು ಸರಬ್‌ಜೋತ್ ಸಿಂಗ್ ಜೊತೆಗೂಡಿ ಏರ್ ಪಿಸ್ತೂಲ್ ಮಿಶ್ರ ತಂಡದ ಚಿನ್ನ ತಂದರು. ತಾನೇ ತೋಟೆ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ದೇಶದ ದೊಡ್ಡ ಸಾಧನೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಗೆದ್ದ 25 ಮೀಟರ್ ರ್‍ಯಾಪಿಡ್ ಫೈರ್ ಬೆಳ್ಳಿ. ಆ ಸ್ಪರ್ಧೆಯಲ್ಲಿ ಐದು ಗುರಿಗಳಿಗೆ ಐದು ಗುಂಡು. ಅದಕ್ಕೆ ಮೊದಲು ಎಂಟು ಸೆಕೆಂಡ್, ಆಮೇಲೆ ಆರು, ಕೊನೆಗೆ ಬರೀ ನಾಲ್ಕು.

ಕಾನೂನಿನ ಮಾತು ಮೊದಲು

ಪಿಸ್ತೂಲು ಆರಿಸುವ ಮೊದಲು ಯಾವುದನ್ನು ಇಟ್ಟುಕೊಳ್ಳಬಹುದು ಎಂಬುದು ಗೊತ್ತಿರಬೇಕು. ನಮ್ಮ ದೇಶದಲ್ಲಿ ಇದನ್ನು ತೀರ್ಮಾನಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಪೂಜೆಗೊಳ್ಳುವ ಕೋವಿಗೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಬೆಂಗಳೂರಿನ ನಮಗೆ ಅದು ಅನ್ವಯಿಸುವುದಿಲ್ಲ.

4.5 ಮಿಲಿಮೀಟರ್ ಕ್ಯಾಲಿಬರಿನ, 20 ಜೂಲ್ ಮೀರದ ಶಕ್ತಿಯ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲುಗಳ ಶಕ್ತಿ ಸಾಮಾನ್ಯವಾಗಿ ಆರೇಳು ಜೂಲ್ ಮಾತ್ರ. ಮದ್ದಿನ ಬಲದಿಂದ ಹಾರುವ .22 ಗುಂಡಿನ ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿಗೆ ಲೈಸೆನ್ಸ್ ಕಡ್ಡಾಯ. ಅದಕ್ಕೆ ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಬೆಂಗಳೂರು ನಗರದಲ್ಲಿ ಅರ್ಜಿ ಪೊಲೀಸ್ ಕಮಿಷನರ್ ಕಚೇರಿಗೆ ಹೋಗುತ್ತದೆ. 21ಕ್ಕಿಂತ ಚಿಕ್ಕವರು ಸಂಸ್ಥೆಯ ಅಥವಾ ಕ್ಲಬ್ಬಿನ ಪಿಸ್ತೂಲಿನಲ್ಲಿ, ಕೋಚ್ ಎದುರಿಗೇ ಅಭ್ಯಾಸ ಮಾಡುತ್ತಾರೆ. ಕ್ರೀಡೆಯ ಆಯುಧ ಮತ್ತು ತೋಟೆಗಳ ವ್ಯವಹಾರ ನಡೆಯುವುದು ರಾಜ್ಯ ರೈಫಲ್ ಸಂಸ್ಥೆ ಮತ್ತು ರಾಷ್ಟ್ರೀಯ ರೈಫಲ್ ಸಂಸ್ಥೆಯ ಮೂಲಕ. ಆ ರಾಷ್ಟ್ರೀಯ ಸಂಸ್ಥೆ ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ 1951ರಲ್ಲಿ ಕಟ್ಟಿದ್ದು.

ಹಾಗಾಗಿ ದಾರಿ ಒಂದು ಕ್ರಮದಲ್ಲೇ ಸಾಗುತ್ತದೆ. ಮೊದಲು ಕ್ಲಬ್ಬಿನ ಏರ್ ಪಿಸ್ತೂಲು, ಆಮೇಲೆ ಸ್ವಂತ ಏರ್ ಪಿಸ್ತೂಲು, ಕೈ ಹದಕ್ಕೆ ಬಂದ ಮೇಲೆ .22. ಈ ಕ್ರಮ ಕಾನೂನಿಗೂ ಒಳ್ಳೆಯದು, ಜೇಬಿಗೂ ಒಳ್ಳೆಯದು. ಪಿಸ್ತೂಲಿನಿಂದ ತನಗೇನು ಬೇಕು ಎಂದು ಕೈಗೆ ಗೊತ್ತಾಗಲು ಅಷ್ಟು ಕಾಲ ಬೇಕೇ ಬೇಕು.

ಯಂತ್ರದ ಒಳಗೆ

ತಾನೇ ತೋಟೆ ತುಂಬಿಕೊಳ್ಳುವ ಪಿಸ್ತೂಲು ಹತ್ತೊಂಬತ್ತನೆಯ ಶತಮಾನದ ಕೊನೆಯ ಹತ್ತು ವರ್ಷಗಳ ಕೂಸು. 1893ರಲ್ಲಿ ಹ್ಯೂಗೊ ಬೋರ್ಕಾರ್ಟ್ ಮಾಡಿದ ಪಿಸ್ತೂಲು ಕೆಲಸವನ್ನೇನೋ ಮಾಡುತ್ತಿತ್ತು, ಆದರೆ ಕೈಗೆ ಒಗ್ಗುತ್ತಿರಲಿಲ್ಲ. ಅದನ್ನು ಸರಳಗೊಳಿಸಿದವರಲ್ಲಿ ಮುಖ್ಯರು ಅಮೆರಿಕದ ಯೂಟಾದ ಜಾನ್ ಮೋಸೆಸ್ ಬ್ರೌನಿಂಗ್. ನಳಿಕೆಯನ್ನು ಮೇಲಿನಿಂದ ಕವಿದುಕೊಂಡು ಹಿಂದಕ್ಕೂ ಮುಂದಕ್ಕೂ ಜಾರುವ ಸ್ಲೈಡ್ ಅವರ ಕೊಡುಗೆ. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆ ಅವರ ವಿನ್ಯಾಸದ 1900ರ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ನಮ್ಮ ಇಚ್ಛಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವ ಸೇನೆಯ 9 ಮಿಲಿಮೀಟರ್ ಪಿಸ್ತೂಲಿನ ಬೇರೂ ಬ್ರೌನಿಂಗ್ ಹೈ ಪವರ್ ಮಾದರಿಯಲ್ಲೇ ಇದೆ.

ಗುರಿಯಾಟದ .22 ಪಿಸ್ತೂಲಿನಲ್ಲಿ ಈ ಕೆಲಸ ಇನ್ನೂ ಸರಳ, ನೋಡಲು ಇನ್ನೂ ಚೆಂದ. ಶೂಟರ್‌ಗಳು ರೌಂಡ್ ಎನ್ನುವ ತೋಟೆಯ ತುದಿಯ ಗುಂಡು ಸುಮಾರು 2.6 ಗ್ರಾಂ. ತೋಟೆಯನ್ನು ಹಿಂದಿನಿಂದ ಮುಚ್ಚಿ ನಿಲ್ಲುವ ಬೋಲ್ಟ್ 200 ಗ್ರಾಂ ಎಂದುಕೊಳ್ಳೋಣ. ಮದ್ದು ಉರಿದಾಗ ಅನಿಲ ಗುಂಡನ್ನು ಮುಂದಕ್ಕೆ ನೂಕುತ್ತದೆ, ಅದೇ ಹೊತ್ತಿಗೆ ಖಾಲಿ ಹಿತ್ತಾಳೆ ಕವಚವನ್ನೂ ಬೋಲ್ಟನ್ನೂ ಹಿಂದಕ್ಕೆ ಒತ್ತುತ್ತದೆ. ಬೋಲ್ಟ್ ಗುಂಡಿಗಿಂತ ಎಪ್ಪತ್ತು ಎಂಬತ್ತು ಪಟ್ಟು ಭಾರ. ಹೀಗಾಗಿ ಗುಂಡು ನಳಿಕೆಯ ಹನ್ನೆರಡು ಸೆಂಟಿಮೀಟರ್ ಓಡಿ ಹೊರಬೀಳುವಷ್ಟರಲ್ಲಿ ಬೋಲ್ಟ್ ಸರಿದಿರುವುದು ಎರಡು ಮಿಲಿಮೀಟರಿನಷ್ಟು. ಗುಂಡು ಹೋದ ಮೇಲೆಯೇ ಬೋಲ್ಟ್ ಪೂರಾ ಹಿಂದೆ ಸರಿದು ಖಾಲಿ ಕವಚವನ್ನು ಆಚೆ ಎಸೆಯುತ್ತದೆ, ಸ್ಪ್ರಿಂಗನ್ನು ಅದುಮುತ್ತದೆ, ಮರಳಿ ಬರುವಾಗ ಮ್ಯಾಗಜೀನಿನಿಂದ ಮುಂದಿನ ತೋಟೆಯನ್ನು ನಳಿಕೆಯ ಹಿಂತುದಿಯ ಕೋಣೆಗೆ ತಳ್ಳುತ್ತದೆ. ಬೀಗವಿಲ್ಲ, ಕೊಂಡಿಯಿಲ್ಲ. ತೂಕ ಮತ್ತು ಸ್ಪ್ರಿಂಗ್ ಎರಡೇ ಎಲ್ಲವನ್ನೂ ನಿಭಾಯಿಸುತ್ತವೆ. ಯಾವ ಹೊತ್ತಿಗೆ ಎಷ್ಟು ಸರಿಯಬೇಕೆಂದು ತೂಗಿ ಇಟ್ಟವರ ಲೆಕ್ಕಾಚಾರಕ್ಕೆ ತಲೆದೂಗಬೇಕು.

ಇಲ್ಲಿಂದ ಮೊದಲ ಆಯ್ಕೆ ಸಿಗುತ್ತದೆ. ಸೇನೆಯ ಪಿಸ್ತೂಲಿನಲ್ಲಿ ಸಾಮಾನ್ಯವಾಗಿ ಸೈಟು ಸ್ಲೈಡಿನ ಮೇಲಿರುತ್ತದೆ, ಸ್ಲೈಡಿನ ಜೊತೆಗೇ ಓಡಾಡುತ್ತದೆ. ಗುರಿಯಾಟದ ಪಿಸ್ತೂಲಿನಲ್ಲಿ ನಳಿಕೆ ಚೌಕಟ್ಟಿಗೆ ಕಚ್ಚಿಕೊಂಡಿರುತ್ತದೆ. ಮುಂದಿನ ಸೈಟೂ ಹಿಂದಿನ ಸೈಟೂ ಆ ಚಲಿಸದ ಭಾಗದ ಮೇಲೆಯೇ ಕೂತಿರುತ್ತವೆ, ಒಳಗಿನ ಬೋಲ್ಟ್ ಮಾತ್ರ ಓಡುತ್ತದೆ. ಪ್ರತಿ ಗುಂಡಿಗೂ ನಳಿಕೆ ಮತ್ತು ಸೈಟು ಕೂದಲೆಳೆಯಷ್ಟೂ ಬದಲಾಗದೆ ಅದೇ ಜಾಗದಲ್ಲಿ ನಿಲ್ಲುತ್ತವೆ. ಕೊಳ್ಳುವಾಗ ಮೊದಲು ನೋಡಬೇಕಾದ್ದು ಇದನ್ನೇ.

ಈ ಗುಣಕ್ಕೆ ಲಕ್ಷಗಟ್ಟಲೆ ಸುರಿಯಲೇಬೇಕಾಗಿಲ್ಲ ಎಂದು 1949ರಲ್ಲೇ ತೋರಿಸಿಕೊಟ್ಟವರಿದ್ದಾರೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ವಿಲಿಯಂ ರೂಗರ್ ಮತ್ತು ಅಲೆಕ್ಸಾಂಡರ್ ಸ್ಟರ್ಮ್ ಸೇರಿ ಒಂದು .22 ಪಿಸ್ತೂಲು ತಂದರು. ಬೆಲೆ 37 ಡಾಲರ್ 50 ಸೆಂಟ್. ಹಿಡಿಯ ಚೌಕಟ್ಟನ್ನು ಉಕ್ಕಿನ ಇಡೀ ಗಟ್ಟಿಯಿಂದ ಕಡೆಯದೆ, ಎರಡು ತಗಡುಗಳನ್ನು ಅಚ್ಚೊತ್ತಿ ಬೆಸುಗೆ ಹಾಕಿದರು. ಖರ್ಚು ಉಳಿದದ್ದು ಅಲ್ಲಿ. ನಳಿಕೆಯ ವಿಷಯದಲ್ಲಿ, ಅದು ಕಚ್ಚಿಕೊಂಡು ಕೂರುವ ಜಾಗದ ವಿಷಯದಲ್ಲಿ ಅವರು ರಾಜಿ ಮಾಡಿಕೊಳ್ಳಲಿಲ್ಲ. ಎಲ್ಲಿ ಉಳಿಸಬಹುದು, ಎಲ್ಲಿ ಕೂಡದು ಎಂಬುದನ್ನು ಆ ತಯಾರಕರಿಂದ ಕೊಳ್ಳುವವರೂ ಕಲಿಯಬಹುದು. ಮೈಯ ಹೊಳಪು, ಕೆತ್ತನೆ, ಪೆಟ್ಟಿಗೆಯ ಅಂದ ಇವೆಲ್ಲ ಬಿಟ್ಟುಬಿಡಬಹುದಾದವು.

ಎಲ್ಲಕ್ಕೂ ಮೇಲಿರುವ ಟ್ರಿಗರ್

ಟ್ರಿಗರ್ ಯಾಕೆ ಎಲ್ಲಕ್ಕೂ ಮುಖ್ಯ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. 25 ಮೀಟರ್ ಪಿಸ್ತೂಲಿನಲ್ಲಿ ಎರಡು ಸೈಟುಗಳ ನಡುವಿನ ದೂರ ಹೆಚ್ಚೆಂದರೆ 220 ಮಿಲಿಮೀಟರ್. ಕೈ ಇಡಿಯಾಗಿ ಐದು ಮಿಲಿಮೀಟರ್ ಪಕ್ಕಕ್ಕೆ ಸರಿಯಿತು, ಪಿಸ್ತೂಲು ಮಾತ್ರ ನೇರವಾಗಿಯೇ ಉಳಿಯಿತು ಎನ್ನಿ. ಗುಂಡೂ ಐದು ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ, ಅದು ಇನ್ನೂ ಹತ್ತೇ. ಆದರೆ ಟ್ರಿಗರ್ ಎಳೆಯುವಾಗ ಮುಂದಿನ ಸೈಟು ಬರೀ ಅರ್ಧ ಮಿಲಿಮೀಟರ್ ಓರೆಯಾದರೆ ಆ ಓರೆ ದೂರದ ಜೊತೆಗೆ ಬೆಳೆಯುತ್ತ ಹೋಗಿ ಹಾಳೆಯ ಮೇಲೆ 57 ಮಿಲಿಮೀಟರ್ ಆಗುತ್ತದೆ. ಆ ಗುಂಡು ಎಂಟರ ವೃತ್ತಕ್ಕೆ ಬೀಳುತ್ತದೆ. ಕೈ ನಡುಗುವುದನ್ನು ಪಿಸ್ತೂಲು ಕ್ಷಮಿಸುತ್ತದೆ. ಟ್ರಿಗರಿನ ಜೊತೆಗೆ ಮೂತಿ ಓರೆಯಾಗುವುದನ್ನು ಕ್ಷಮಿಸುವುದಿಲ್ಲ.

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಟ್ರಿಗರಿನ ಎಳೆತ ಏರ್ ಪಿಸ್ತೂಲಿನಲ್ಲಿ 500 ಗ್ರಾಂಗಿಂತ, 25 ಮೀಟರಿನ .22 ಸ್ಪೋರ್ಟ್ ಪಿಸ್ತೂಲಿನಲ್ಲಿ 1000 ಗ್ರಾಂಗಿಂತ ಕಡಿಮೆ ಇರಕೂಡದು. ಸ್ಪರ್ಧೆಗೆ ಮುಂಚೆ ಪಿಸ್ತೂಲಿನ ಮೂತಿಯನ್ನು ಮೇಲೆ ಮಾಡಿ, ಟ್ರಿಗರಿಗೆ ತೂಕದ ಬಟ್ಟು ತೂಗುಹಾಕಿ ಎತ್ತಿ ನೋಡುತ್ತಾರೆ. ಎಳೆತ ಹಗುರವಾದಷ್ಟೂ ಒಳ್ಳೆಯದು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಎಳೆತ ಹೇಗೆ ಮುಗಿಯುತ್ತದೆ ಎಂಬುದೇ ನಿಜಕ್ಕೂ ಎಣಿಕೆಗೆ ಬರುವುದು.

ಒಳ್ಳೆಯ ಗುರಿಪಿಸ್ತೂಲಿನ ಟ್ರಿಗರಿಗೆ ಎರಡು ಹಂತವಿರುತ್ತದೆ. ಬೆರಳು ಒತ್ತಿದೊಡನೆ ಮೊದಲು ಸ್ವಲ್ಪ ದೂರ ಸಲೀಸಾಗಿ ಬರುತ್ತದೆ, ಆಮೇಲೆ ಒಂದು ಗೋಡೆಗೆ ತಾಗಿ ನಿಲ್ಲುತ್ತದೆ. ಗುರಿ ಸರಿಹೊಂದುವವರೆಗೆ ಬೆರಳು ಆ ಗೋಡೆಗೆ ಒರಗಿ ಕಾಯಬಹುದು. ಅಲ್ಲಿಂದ ಮುಂದಕ್ಕೆ ಒತ್ತಡ ಏರುತ್ತದೆ, ಟ್ರಿಗರ್ ಮಾತ್ರ ಕಣ್ಣಿಗೆ ಕಾಣುವಂತೆ ಸರಿಯುವುದಿಲ್ಲ. ಸರಿಯದೆಯೇ ಪಟ್ಟನೆ ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಮೇಲೆ ಬೆರಳು ಇನ್ನಷ್ಟು ಹಿಂದಕ್ಕೆ ಬೀಳದಂತೆ ಒಂದು ತಡೆ ಇರುತ್ತದೆ. ಆ ಪಟ್ಟನೆಯ ಬಿಡುಗಡೆ ಒಳಗಿನ ಎರಡು ಪುಟ್ಟ ಉಕ್ಕಿನ ಅಂಚುಗಳ ಕೈಚಳಕ. ಒಂದು ಅಂಚು ಇನ್ನೊಂದನ್ನು ಹಿಡಿದು ನಿಂತಿರುತ್ತದೆ, ಎಳೆದಾಗ ಜಾರಿ ಬಿಡುತ್ತದೆ. ಅಂಚು ಉಜ್ಜಿದ್ದು ಚೂರು ಒರಟಾದರೂ ಬೆರಳಿಗೆ ಮರಳು ಸಿಕ್ಕಿದಂತೆ ಗೊತ್ತಾಗುತ್ತದೆ. ಆ ಅಂಚಿನ ನುಣುಪು, ಕೋನ, ಗಡಸುತನ ಇವೇ ಒಂದು ಪಿಸ್ತೂಲನ್ನು ಇನ್ನೊಂದರಿಂದ ಬೇರೆ ಮಾಡುತ್ತವೆ.

ನಮ್ಮ ನಾಡಿನ ಹಳೆಯ ಕಮ್ಮಾರರಿಗೂ ಇದು ಗೊತ್ತಿತ್ತು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಬಂದೂಕುಗಳ ಮೇಲಿನ ಹುಲಿಪಟ್ಟೆಯ ಅಲಂಕಾರ ಜಗತ್ತಿನ ಸಂಗ್ರಹಾಲಯಗಳಲ್ಲಿ ಕಣ್ಣಿಗೆ ಬೀಳುತ್ತದೆ. ಆದರೆ ಬಂದೂಕು ನಿಂತಿದ್ದದ್ದು ಚಕಮಕಿ ಕಲ್ಲನ್ನು ಹಿಡಿದು, ಎಳೆದಾಗ ತಪ್ಪದೆ ಬಿಟ್ಟುಕೊಡುವ ಚಾಪಿನ ಮೇಲೆ. ಅಲಂಕಾರ ಹೊರಗಿನ ಕೆಲಸ, ಚಾಪು ಒಳಗಿನ ಕೆಲಸ. ಬೆಲೆ ಕಟ್ಟಬೇಕಾದ್ದು ಒಳಗಿನದಕ್ಕೆ.

ಟ್ರಿಗರ್ ಪರೀಕ್ಷೆಗೆ ದುಬಾರಿ ಸಾಧನ ಬೇಕಾಗಿಲ್ಲ. ಕೋಣೆ, ಮ್ಯಾಗಜೀನು ಎರಡೂ ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಿ. ಮೂತಿಯನ್ನು ರೇಂಜಿನ ಗುರಿಯ ಕಡೆಗೇ ಇಟ್ಟು, ಮುಂದಿನ ಸೈಟಿನ ಬಳಿ ಸಮತಟ್ಟಾದ ಜಾಗದಲ್ಲಿ ಒಂದು ನಾಣ್ಯ ಕೂರಿಸಿ ನಿಧಾನವಾಗಿ ಟ್ರಿಗರ್ ಒತ್ತಿ. ಒಳ್ಳೆಯ ಟ್ರಿಗರಿನಲ್ಲಿ ನಾಣ್ಯ ಹಾಗೇ ಇರುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ಹತ್ತು ಸಲ ಮಾಡಿ ನೋಡಿ. ಎಲ್ಲ ಸಲವೂ ಬಿಡುಗಡೆ ಒಂದೇ ರೀತಿ ಇದ್ದರೆ ಆ ಪಿಸ್ತೂಲಿಗೆ ಗೌರವ ಕೊಡಿ. ಒಂದು ಎಚ್ಚರ: .22 ಪಿಸ್ತೂಲನ್ನು ಪೂರಾ ಖಾಲಿ ಕೋಣೆಯಲ್ಲಿ ಹೊಡೆದರೆ ಫೈರಿಂಗ್ ಪಿನ್ ಕೋಣೆಯ ಅಂಚಿಗೆ ಬಡಿದು ಗುಳಿ ಬೀಳಬಹುದು. ಅದಕ್ಕೆ ಪ್ಲಾಸ್ಟಿಕ್ಕಿನ ಡಮ್ಮಿ ರೌಂಡ್ ಹಾಕಿಯೇ ಪರೀಕ್ಷಿಸಬೇಕು.

ಕೈಗೆ ತಕ್ಕ ಹಿಡಿ

ರೇಂಜಿನಲ್ಲಿ ಹೊಸ ಹುಡುಗಿಯೊಬ್ಬಳು ಕೇಳುತ್ತಾಳೆ: "ಸರ್, ಯಾವ ಕಂಪನಿದು ತಗೊಳ್ಳೋದು?" ಹಳೆಯ ಕೋಚ್ ಉತ್ತರ ಹೀಗಿರುತ್ತದೆ: "ಮೊದಲು ಕೈ ಚಾಚಮ್ಮ, ನೋಡೋಣ." ಈ ಉತ್ತರದಲ್ಲಿ ಎಷ್ಟೋ ವರ್ಷದ ಅನುಭವವಿದೆ. ಎರಡು ಪಿಸ್ತೂಲುಗಳ ಟ್ರಿಗರ್ ಒಂದೇ ಸಮ ಇದ್ದರೂ ಹಿಡಿ ಕೈಗೆ ಕೂರದಿದ್ದರೆ ಬೆರಳು ಟ್ರಿಗರನ್ನು ನೇರವಾಗಿ ಹಿಂದಕ್ಕೆ ಎಳೆಯಲಾರದು, ಪಕ್ಕಕ್ಕೆ ಎಳೆಯುತ್ತದೆ. ಟ್ರಿಗರಿನ ಒಳ್ಳೆಯತನ ಅಲ್ಲಿಗೆ ಹಾಳು.

ಗುರಿಪಿಸ್ತೂಲಿನ ಹಿಡಿ ಬಹುತೇಕ ಅಕ್ರೋಟು ಮರದ್ದು. ಎಡಗೈ, ಬಲಗೈ ಎಂದು ಬೇರೆ ಬೇರೆ ಇರುತ್ತದೆ, ಅಳತೆಗಳೂ ಚಿಕ್ಕದು, ಮಧ್ಯಮ, ದೊಡ್ಡದು ಎಂದಿರುತ್ತವೆ. ಕೆಳಗಡೆ ಅಂಗೈಗೆ ಆಧಾರವಾಗುವ ಒಂದು ಅಡ್ಡ ತಟ್ಟೆ ಇರುತ್ತದೆ, ಅದನ್ನು ಮೇಲೆ ಕೆಳಗೆ ಸರಿಸಿ ಬಿಗಿ ಮಾಡಬಹುದು. ಕೂರುವುದೋ ಇಲ್ಲವೋ ಎಂದು ತಿಳಿಯಲು ಕಣ್ಣು ಮುಚ್ಚಿ ಪಿಸ್ತೂಲನ್ನು ಗುರಿಯ ಕಡೆಗೆ ಎತ್ತಿ, ಒಂದೆರಡು ಉಸಿರು ಬಿಟ್ಟು ಕಣ್ಣು ತೆರೆಯಿರಿ. ಮುಂದಿನ ಸೈಟು ಹಿಂದಿನ ಸೈಟಿನ ಸಂದಿನ ನಟ್ಟನಡುವೆ ತಾನಾಗಿ ಬಂದಿದ್ದರೆ ಹಿಡಿ ನಿಮ್ಮದು. ಎಡಕ್ಕೋ ಬಲಕ್ಕೋ ಇದ್ದರೆ ಪ್ರತಿ ಗುಂಡಿಗೂ ಮಣಿಕಟ್ಟನ್ನು ತಿರುಚಿ ಸರಿಮಾಡಿಕೊಳ್ಳಬೇಕಾಗುತ್ತದೆ. ಅರವತ್ತು ಗುಂಡಿನ ಸ್ಪರ್ಧೆಯ ಕೊನೆಯಲ್ಲಿ ದಣಿದ ಮಣಿಕಟ್ಟು ಆ ತಿರುಚನ್ನು ಮರೆಯುತ್ತದೆ. ಇನ್ನೊಂದು ಗುರುತೂ ಇದೆ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರಿನ ಮೇಲೆ ಬೀಳಬೇಕು. ಬೆರಳಿನ ಉಳಿದ ಭಾಗ ಮರಕ್ಕೆ ತಾಗಕೂಡದು.

ಸಂತೋಷದ ಸಂಗತಿಯೆಂದರೆ ಹಿಡಿಯನ್ನು ಕಡಿಮೆ ಖರ್ಚಿನಲ್ಲಿ ಸರಿಮಾಡಬಹುದು. ಒತ್ತುವ ಜಾಗದಲ್ಲಿ ಮರವನ್ನು ಅರದಿಂದ ಉಜ್ಜುತ್ತಾರೆ, ಖಾಲಿ ಇರುವಲ್ಲಿ ಎಪಾಕ್ಸಿ ಪುಟ್ಟಿ ತುಂಬುತ್ತಾರೆ, ಪುಟ್ಟಿ ಒಣಗುವ ಮೊದಲೇ ಅದರ ಮೇಲೆ ಕೈಯಿಟ್ಟು ಅಚ್ಚು ತೆಗೆಯುತ್ತಾರೆ. ಒಂದು ಮಿಲಿಮೀಟರ್ ಉಜ್ಜಿ, ಒಂದು ವಾರ ಹೊಡೆದು ನೋಡಿ, ಮತ್ತೆ ಉಜ್ಜುವುದು ಸರಿಯಾದ ಕ್ರಮ. ಉಜ್ಜಿದ್ದು ಮರಳಿ ಬರುವುದಿಲ್ಲ. ದುಬಾರಿ ಪಿಸ್ತೂಲಿನ ಕೂರದ ಹಿಡಿಗಿಂತ, ಸಾಧಾರಣ ಪಿಸ್ತೂಲಿಗೆ ಹೀಗೆ ತಾಳ್ಮೆಯಿಂದ ಕೂರಿಸಿದ ಹಿಡಿ ಎಷ್ಟೋ ಮೇಲು.

ತೂಕದ ವಿಷಯದಲ್ಲೂ ಕೈಯ ಮಾತೇ ಅಂತಿಮ. ನಿಯಮ ಏರ್ ಪಿಸ್ತೂಲಿಗೆ 1500 ಗ್ರಾಂ, ಸ್ಪೋರ್ಟ್ ಪಿಸ್ತೂಲಿಗೆ 1400 ಗ್ರಾಂ ಮಿತಿ ಹಾಕಿದೆ. ಮುಂಭಾರದ ಪಿಸ್ತೂಲು ಸ್ಥಿರವಾಗಿ ನಿಲ್ಲುತ್ತದೆ, ಹೊಡೆತದ ಎಗರನ್ನೂ ತಗ್ಗಿಸುತ್ತದೆ. ಆದರೆ ಅಭ್ಯಾಸವಿಲ್ಲದ ಭುಜ ಅದನ್ನು ಮೂವತ್ತು ಗುಂಡಿನ ಮೇಲೆ ತಾಳುವುದಿಲ್ಲ. ಬಾಲಕ ಬಾಲಕಿಯರಿಗೆ ಹಗುರದ್ದು ಕೊಂಡು, ತೋಳು ಬಲಿತಂತೆ ನಳಿಕೆಯ ಕೆಳಗೆ ತೂಕದ ತುಂಡುಗಳನ್ನು ಸೇರಿಸುವುದು ಜಾಣತನ.

ಹಳೆಯದನ್ನು ಕೊಳ್ಳುವಾಗ

ಮಿತ ಹಣದವರಿಗೆ ಹಿರಿಯ ಶೂಟರ್‌ಗಳು ಬಳಸಿ ಬಿಟ್ಟ ಪಿಸ್ತೂಲು ಒಳ್ಳೆಯ ದಾರಿ. ಹೊಸ ವಿದೇಶಿ ಏರ್ ಪಿಸ್ತೂಲೇ ಲಕ್ಷ ದಾಟುತ್ತದೆ, .22 ಅದಕ್ಕೂ ಮೇಲೆ. ಪರ್ದೀನಿ, ವಾಲ್ಥರ್, ಹ್ಯಾಮರ್ಲಿ, ಸ್ಟೈಯರ್, ಫೈನ್‌ವರ್ಕ್‌ಬಾವ್ ಮುಂತಾದವರ ಪಿಸ್ತೂಲುಗಳು ಎಚ್ಚರದಿಂದ ಬಳಸಿದರೆ ಹತ್ತಾರು ವರ್ಷ ದುಡಿಯುತ್ತವೆ. ಹಳೆಯ ಮಾಲೀಕರು ಹೊಸ ಮಾದರಿಗೆ ಹೋಗುವಾಗ ಇವು ಕೈಗೆಟುಕುವ ಬೆಲೆಗೆ ಬರುತ್ತವೆ. ಆಗ ನೋಡುವ ಕಣ್ಣು ಬೇಕು.

ಮಾವಳ್ಳಿಯಿಂದ ಎರಡು ಹೆಜ್ಜೆ ದಾಟಿದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು. ಅಲ್ಲಿನ ಅನುಭವಸ್ಥ ಮೆಕ್ಯಾನಿಕ್ ಹಳೆಯ ಬೇರಿಂಗನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿ ಅದರಲ್ಲಿ ಎಷ್ಟು ಆಟವಿದೆ ಎಂದು ಹೇಳುವ ಹಾಗೆ, ಪಿಸ್ತೂಲನ್ನೂ ಆಟಕ್ಕಾಗಿ ಪರೀಕ್ಷಿಸಬೇಕು. ನಳಿಕೆಯನ್ನು ಹಿಡಿದು ಚೌಕಟ್ಟನ್ನು ಅಲ್ಲಾಡಿಸಿ. ಸ್ವಲ್ಪವೂ ಮಿಸುಕಬಾರದು. ಹಿಂದಿನ ಸೈಟನ್ನು ಬೆರಳಲ್ಲಿ ಒತ್ತಿ ನೋಡಿ, ಅದು ಅಲುಗಾಡಿದರೆ ಅಲ್ಲೇ ಅಂಕ ಸೋರಿಹೋಗುತ್ತದೆ. ಸೈಟಿನ ತಿರುಪು ತಿರುಗಿಸಿದಾಗ ಪ್ರತಿ ಹಲ್ಲೂ ಟಿಕ್ ಟಿಕ್ ಎಂದು ಬೆರಳಿಗೆ ತಾಗಬೇಕು.

ಆಮೇಲೆ ನಳಿಕೆಯ ಬಾಯಿ. ಗುಂಡು ಕಟ್ಟಕಡೆಗೆ ಮುಟ್ಟುವ ಅಂಚು ಅದು. ಅಲ್ಲಿ ಒಂದು ಗೀರು ಬಿದ್ದಿದ್ದರೂ ಅನಿಲ ಒಂದು ಕಡೆಯಿಂದ ಮೊದಲು ತಪ್ಪಿಸಿಕೊಂಡು ಗುಂಡನ್ನು ಓರೆ ಮಾಡುತ್ತದೆ. ಬೆಳಕಿಗೆ ಹಿಡಿದು ನಳಿಕೆಯ ಒಳಗನ್ನು ನೋಡಿ. ಸುರುಳಿ ಗೀಟುಗಳು ಚೂಪಾಗಿರಬೇಕು, ನಡುವೆ ಎಲ್ಲಿಯೂ ಕಪ್ಪು ಉಂಗುರ ಕಾಣಬಾರದು. ಅಂಥ ಉಂಗುರ ಎಂದೋ ಗುಂಡು ಸಿಕ್ಕಿಹಾಕಿಕೊಂಡು ನಳಿಕೆ ಉಬ್ಬಿದ್ದರ ಗುರುತು. ಕೋಣೆಯ ಅಂಚಿನಲ್ಲಿ ಪಿನ್ ಬಡಿದ ಗುಳಿ ಇದೆಯೇ, ಮ್ಯಾಗಜೀನಿನ ತುಟಿಗಳು ಬಾಗಿವೆಯೇ ಎಂದು ನೋಡಿ. ಸ್ಪ್ರಿಂಗ್ ಹಳೆಯದಾದರೆ ಚಿಂತೆಯಿಲ್ಲ, ಬದಲಿಸಬಹುದು. ನಳಿಕೆ ಹಾಳಾದರೆ ಆ ಬೆಲೆಗೆ ಬೇರೆ ಪಿಸ್ತೂಲೇ ಬರುತ್ತದೆ. ಏರ್ ಪಿಸ್ತೂಲಿನಲ್ಲಿ ಗಾಳಿ ತುಂಬುವ ಸಿಲಿಂಡರಿನ ಮೇಲೆ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದು ಸುಮಾರು 200 ಬಾರ್ ಒತ್ತಡವನ್ನು ಹೊತ್ತು ದುಡಿಯುವ ವಸ್ತು. ಸಾಮಾನ್ಯವಾಗಿ ತಯಾರಕರು ಅದಕ್ಕೆ ಹತ್ತು ವರ್ಷದ ಆಯುಸ್ಸು ಹೇಳುತ್ತಾರೆ. ಅವಧಿ ಮೀರಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಕೊಳ್ಳುವ ದರದಲ್ಲಿ ಕಳೆಯಿರಿ.

ಕೊನೆಗೆ ತೋಟೆ. ಒಂದೊಂದು .22 ಪಿಸ್ತೂಲಿಗೆ ಒಂದೊಂದು ತೋಟೆ ಒಗ್ಗುತ್ತದೆ. ಪಿಸ್ತೂಲನ್ನು ಆನಿಸಿ ಇಟ್ಟು ಮೂರು ನಾಲ್ಕು ಬಗೆಯ ತೋಟೆಗಳಲ್ಲಿ ಐದೈದು ಗುಂಡು ಹೊಡೆದು, ಯಾವುದರ ಗುಂಪು ಚಿಕ್ಕದೆಂದು ನೋಡಿ. ಬೋಲ್ಟ್ ಪ್ರತಿ ಸಲವೂ ಪೂರಾ ಮುಚ್ಚುತ್ತದೆಯೇ, ಖಾಲಿ ಕವಚ ಸಿಕ್ಕಿಕೊಳ್ಳದೆ ಹಾರುತ್ತದೆಯೇ ಎಂದೂ ಗಮನಿಸಿ. 25 ಮೀಟರ್ ಪಿಸ್ತೂಲ್ ಸ್ಪರ್ಧೆಯ ವೇಗದ ಸುತ್ತಿನಲ್ಲಿ ಪ್ರತಿ ಗುಂಡಿಗೂ ಗುರಿ ಮೂರು ಸೆಕೆಂಡ್ ಮಾತ್ರ ಕಾಣುತ್ತದೆ. ಅಲ್ಲಿ ಸಿಕ್ಕಿಕೊಳ್ಳುವ ಪಿಸ್ತೂಲು ಎಷ್ಟು ನಿಖರವಾಗಿದ್ದರೇನು!

ನಂಬಿಕೆಯ ಬೆಲೆ ಎಷ್ಟೆಂದು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ದೇಶವೇ ನೋಡಿತು. ಮನು ಭಾಕರ್ ಅರ್ಹತಾ ಸುತ್ತಿನ ನಡುವೆ ಇದ್ದಾಗ ಅವರ ಏರ್ ಪಿಸ್ತೂಲು ಕೈಕೊಟ್ಟಿತು. ದುರಸ್ತಿಯಲ್ಲಿ ಅಮೂಲ್ಯ ನಿಮಿಷಗಳು ಹೋದವು, ಫೈನಲ್ ತಪ್ಪಿತು. 2024ರ ಪ್ಯಾರಿಸ್‌ನಲ್ಲಿ ಅವರೇ ಎರಡು ಕಂಚು ಗೆದ್ದರು. ಜಗತ್ತಿನ ಅತ್ಯುತ್ತಮ ಪಿಸ್ತೂಲಿಗೂ ಆರೈಕೆ ಬೇಕು, ಬದಲಿ ಭಾಗ ಹತ್ತಿರದಲ್ಲಿರಬೇಕು. ಹಾಗಾಗಿ ಕೊಳ್ಳುವ ಮುಂಚೆ ಕೇಳಲೇಬೇಕಾದ ಪ್ರಶ್ನೆ: ಈ ಮಾದರಿಯನ್ನು ಬಿಚ್ಚಿ ಸರಿಮಾಡಬಲ್ಲವರು ನಮ್ಮೂರಲ್ಲಿ ಇದ್ದಾರೆಯೇ? ನಮ್ಮ ರೇಂಜಿನಲ್ಲಿ ಇನ್ನೂ ನಾಲ್ಕು ಜನ ಇದೇ ಮಾದರಿ ಬಳಸುತ್ತಾರೆಯೇ? ಉತ್ತರ ಹೌದಾದರೆ ಎರಡು ಪಿಸ್ತೂಲುಗಳಲ್ಲಿ ಅದನ್ನೇ ಆರಿಸಿ.

ಹಣದ ಪಾಲು

ಇದ್ದ ಹಣವನ್ನೆಲ್ಲ ಪಿಸ್ತೂಲಿಗೇ ಸುರಿದುಬಿಡಬೇಡಿ. ಒಂದು ಪಾಲನ್ನು ತೋಟೆಗೋ ಏರ್ ಪಿಸ್ತೂಲಿನ ಪೆಲೆಟ್ಟಿಗೋ, ಒಂದು ಪಾಲನ್ನು ಹಿಡಿ ಕೂರಿಸಲು, ಒಂದು ಪಾಲನ್ನು ಬೀಗವಿರುವ ಗಟ್ಟಿ ಪೆಟ್ಟಿಗೆಗೆ ಎತ್ತಿಡಿ. ತೋಟೆಗಳನ್ನು ಬೇರೆ ಬೀಗದಲ್ಲಿ ಇಡುವುದು, ಪಿಸ್ತೂಲನ್ನು ಯಾವಾಗಲೂ ತುಂಬಿದ್ದೆಂದೇ ತಿಳಿದು ನಡೆಯುವುದು, ಗುರಿ ನೋಡುವವರೆಗೂ ಬೆರಳನ್ನು ಟ್ರಿಗರಿನ ಆಚೆಗೆ ಇಡುವುದು ಇವು ಕ್ರೀಡೆಯ ಮೊದಲ ಪಾಠ. ಮನೆಯವರೆಲ್ಲರಿಗೂ ಇದು ತಿಳಿದಿರಬೇಕು. ಈ ಶಿಸ್ತಿಗೆ ಸಿದ್ಧವಿಲ್ಲದ ಮನೆಗೆ ಎಷ್ಟು ಒಳ್ಳೆಯ ಪಿಸ್ತೂಲೂ ಬೇಡ.

ಪಾಲು ಹಾಕಿದ ಮೇಲೆ ಉಳಿದ ಹಣಕ್ಕೆ ಮೊದಲು ಟ್ರಿಗರ್, ಆಮೇಲೆ ಕಚ್ಚಿ ಕೂತ ನಳಿಕೆ ಮತ್ತು ಸೈಟು, ಆಮೇಲೆ ಸಿಕ್ಕಿಕೊಳ್ಳದ ಓಟ. ಉಳಿದಿದ್ದೆಲ್ಲ ಇವುಗಳ ಹಿಂದೆ. ಈ ಮೂರರಲ್ಲಿ ಗಟ್ಟಿಯಾದ ಪಿಸ್ತೂಲು ಹೊಸದೋ ಹಳೆಯದೋ, ಯಾವ ಬ್ರ್ಯಾಂಡಿನದೋ ಎಂದು ಗುಂಡಿಗೆ ಗೊತ್ತಾಗುವುದಿಲ್ಲ. ಕೊಂಡ ಮೇಲೆ ಕಡೇಪಕ್ಷ ಎರಡು ವರ್ಷ ಅದನ್ನು ಬದಲಿಸಬೇಡಿ. ಸಾಧಾರಣ ಬೆಲೆಯ ಗುರಿಪಿಸ್ತೂಲನ್ನು ಆನಿಸಿ ಹೊಡೆದರೆ ಗುಂಡುಗಳೆಲ್ಲ ಹತ್ತರ ವೃತ್ತದೊಳಗೇ ಗುಂಪಾಗುತ್ತವೆ. ಹೊಸ ಶೂಟರಿನ ಕೈ ಆ ನಿಖರತೆಯನ್ನು ಮುಟ್ಟಲು ಬಹಳ ಕಾಲ ಬೇಕು. ಅಷ್ಟು ದಿನ ಕಳೆದುಹೋಗುವ ಅಂಕಗಳೆಲ್ಲ ಕೈಯವು, ಯಂತ್ರದವಲ್ಲ. ಅವನ್ನು ಮರಳಿ ಗಳಿಸಿಕೊಡುವುದು ಮುಂದಿನ ಮಾದರಿಯ ಪಿಸ್ತೂಲಲ್ಲ, ದಿನವೂ ಖಾಲಿ ಪಿಸ್ತೂಲು ಹಿಡಿದು, .22 ಆದರೆ ಡಮ್ಮಿ ರೌಂಡ್ ಹಾಕಿ, ಮೂತಿ ಕದಲದಂತೆ ಟ್ರಿಗರ್ ಒತ್ತುವ ಅರ್ಧ ಗಂಟೆಯ ಅಭ್ಯಾಸ. ಆ ಅಭ್ಯಾಸಕ್ಕೆ ಕಾಸು ಖರ್ಚಿಲ್ಲ.